ಮೊದಲು ಏಳುವವರು ಯಾರು

ವೀರಭದ್ರ ಕೈ ಎತ್ತಿದ್ದು ದೀಪಕ್ಕಾಗಿ. ಈ ಒಂದು ಮಾತನ್ನು ಅವನು ಆಗಲೇ ಬಾಯಿಬಿಟ್ಟು ಹೇಳಿದ್ದರೆ ಮುಂದಿನ ಫಜೀತಿ ಯಾವುದೂ ಆಗುತ್ತಿರಲಿಲ್ಲ. ಆದರೆ ಹೇಳಲು ಧೈರ್ಯ ಬೇಕಿತ್ತು. ಆ ಒಂದು ಸಾಮಾನು ಅವನ ಹತ್ತಿರ ಯಾವತ್ತೂ ಇರಲಿಲ್ಲ.

ಕ್ಯಾನರಿ ವಾರ್ಫ್‌ನ ಎತ್ತರದ ಕಟ್ಟಡವೊಂದರ ಹದಿನಾಲ್ಕನೇ ಮಹಡಿಯಲ್ಲಿ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯ ಲಂಡನ್ ಆಫೀಸು ಇದೆ. ಅಲ್ಲಿನ ಚಿಕ್ಕ ಮೀಟಿಂಗ್ ರೂಮಿನ ದೀಪಕ್ಕೆ ಒಂದು ಗುಣ. ಒಳಗೆ ಯಾರೂ ಅಲ್ಲಾಡದೆ ಕೂತರೆ, ಇಲ್ಲಿ ಯಾರೂ ಇಲ್ಲವೆಂದು ತಿಳಿದು ತಾನೇ ಆರಿಹೋಗುತ್ತದೆ. ಆಗ ಯಾರಾದರೊಬ್ಬರು ಕೈ ಎತ್ತಿ ಬೀಸಬೇಕು. ಬುಧವಾರ ಸಂಜೆ ಏಳು ಗಂಟೆಗೆ ಆ ರೂಮಿನಲ್ಲಿ ಹನ್ನೊಂದು ಜನ ಉಸಿರು ಬಿಗಿಹಿಡಿದು ಕೂತಿದ್ದರು. ಗೌತಮಿ ಮೆಲುದನಿಯಲ್ಲಿ, "ಹಾಗಾದ್ರೆ ನಾಳೆ ಮೊದಲು ಏಳೋದು ಯಾರು?" ಎಂದು ಕೇಳಿದಳು. ಯಾರೂ ಮಿಸುಕಲಿಲ್ಲ. ದೀಪ ಆರಿಹೋಯಿತು. ಬಾಗಿಲ ಬಳಿ ಕೂತಿದ್ದ ವೀರಭದ್ರ ಅಭ್ಯಾಸಬಲದಿಂದ ಕೈ ಎತ್ತಿದ. ದೀಪ ಹತ್ತಿತು. ಹತ್ತೂ ಜನ ಅವನ ಕೈಯನ್ನೇ ನೋಡುತ್ತಿದ್ದರು.

ಗೌತಮಿಯ ಕಣ್ಣು ತುಂಬಿಬಂತು. "ನಂಗೆ ಗೊತ್ತಿತ್ತು ವೀರಭದ್ರ, ನೀವೇ ಅಂತ," ಎಂದಳು. ಪಕ್ಕದಲ್ಲಿದ್ದ ಸಿದ್ದಲಿಂಗಪ್ಪ ಬೆನ್ನು ತಟ್ಟಿದ. ವೀರಭದ್ರ ಬಾಯಿ ತೆರೆದ. ಹತ್ತು ಜನರ ಆಸೆಗೆ ಎದುರಾಗಿ ಇಲ್ಲ ಎನ್ನುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ಮತ್ತೆ ಬಾಯಿ ಮುಚ್ಚಿಕೊಂಡ.

ಹೆಸರು ನೋಡಿದರೆ ವೀರಭದ್ರ. ದಕ್ಷನ ಯಜ್ಞವನ್ನೇ ಹಾಳುಗೆಡವಿದ ದೇವರು. ಚಿತ್ರದುರ್ಗದ ಅಜ್ಜ ಮನೆದೇವರ ಹೆಸರೆಂದು ಭಕ್ತಿಯಿಂದ ಇಟ್ಟಿದ್ದರು. ಮೊಮ್ಮಗನೋ, ಲಿಫ್ಟಿನಲ್ಲಿ ಸೀನು ಬಂದರೆ ಹೊರಗೆ ಬರುವವರೆಗೆ ತಡೆದುಕೊಳ್ಳುವ ಆಸಾಮಿ.

ಆ ಆಫೀಸಿನಲ್ಲಿ ಕಾಗದದ ಪ್ರಕಾರ ಕೆಲಸ ಮುಗಿಯುವುದು ಸಂಜೆ ಐದೂವರೆಗೆ. ಆದರೆ ಮ್ಯಾನೇಜರ್ ನಾರಾಯಣಸ್ವಾಮಿಯವರು ಎದ್ದು ಕೋಟು ಹಾಕಿಕೊಳ್ಳುವವರೆಗೆ ಬೇರೆ ಯಾರೂ ಏಳುವಂತಿಲ್ಲ. ಹೀಗೆಂದು ಯಾರೂ ಯಾರಿಗೂ ಹೇಳಿರಲಿಲ್ಲ. ಹಿರಿಯರ ಮುಂದೆ ಕಾಲ ಮೇಲೆ ಕಾಲು ಹಾಕಿ ಕೂರಬಾರದು ಎಂಬ ಹಾಗೆ ಇದೂ ಊರಿನಿಂದ ಸೂಟ್‌ಕೇಸಿನಲ್ಲಿ ಜೊತೆಗೆ ಬಂದ ಪದ್ಧತಿ. ಅವರ ಗಾಜಿನ ಕೋಣೆ ಹೊರಬಾಗಿಲ ಪಕ್ಕದಲ್ಲೇ ಇತ್ತು, ಅದನ್ನು ದಾಟದೆ ಲಿಫ್ಟಿಗೆ ಹೋಗಲು ದಾರಿಯಿಲ್ಲ. ಅವರು ಏಳುತ್ತಿದ್ದುದು ಎಂಟಕ್ಕೆ. ಕೆಲಸ ಇರಲಿ ಬಿಡಲಿ, ಹನ್ನೊಂದು ಜನ ಎಂಟರವರೆಗೆ ಕಂಪ್ಯೂಟರ್ ಕುಟ್ಟುತ್ತ ಕೂರುತ್ತಿದ್ದರು. ಹಿಂದೊಮ್ಮೆ, ಹಳೆಯ ಮ್ಯಾನೇಜರರ ಕಾಲದಲ್ಲಿ, ರಾಕೇಶ್ ಎಂಬ ಹುಡುಗ ಐದು ಮುಕ್ಕಾಲಿಗೆ ಎದ್ದು ಹೋಗಿದ್ದ. ಮೂರು ತಿಂಗಳಲ್ಲಿ ಅವನನ್ನು ಬೆಂಗಳೂರಿಗೆ ವಾಪಸು ಕಳಿಸಿದರು. ಮದುವೆ ಗೊತ್ತಾಗಿದೆ, ದಯವಿಟ್ಟು ಕಳಿಸಿ ಎಂದು ಅವನೇ ಅರ್ಜಿ ಹಾಕಿದ್ದನ್ನು ಎಲ್ಲರೂ ಮರೆತಿದ್ದರು. ಐದು ಮುಕ್ಕಾಲಿಗೆ ಎದ್ದದ್ದನ್ನು ಮಾತ್ರ ಒಬ್ಬರೂ ಮರೆತಿರಲಿಲ್ಲ.

ಈ ಪದ್ಧತಿಯನ್ನು ಮುರಿಯಬೇಕೆಂದು ಹೊರಟವಳು ಗೌತಮಿ. ಮೈಸೂರಿನವಳು, ಹದಿನೈದು ವರ್ಷದಿಂದ ಲಂಡನ್ನಿನಲ್ಲಿದ್ದಳು. ಮನೆ ಟೂಟಿಂಗ್‌ನಲ್ಲಿ. ಅಲ್ಲಿನ ಲೈಬ್ರರಿಯಲ್ಲಿ ಎರಡು ತಿಂಗಳಿಂದ ಪ್ರತಿ ಶನಿವಾರ ಅಹಿಂಸಾ ಚಳವಳಿಯ ತರಗತಿ ನಡೆಯುತ್ತಿತ್ತು. ಇವಳು ತಪ್ಪದೆ ಹೋಗಿ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬರುತ್ತಿದ್ದಳು. ಗಾಂಧೀಜಿ ಉಪ್ಪಿಗಾಗಿ ನಡೆದರು, ನಾವು ರಾತ್ರಿಯೂಟಕ್ಕಾಗಿ ಲಿಫ್ಟಿನವರೆಗೆ ನಡೆಯಲಾರೆವೇ ಎನ್ನುವುದು ಅವಳ ವಾದ. ಅವಳ ಪಾಸ್‌ಪೋರ್ಟ್ ಬ್ರಿಟನ್ನಿನದು. ಹಾಗಾಗಿ ಅವಳ ಧೈರ್ಯದ ಬೆನ್ನಿಗೆ ಒಂದು ಸರ್ಕಾರವೇ ನಿಂತಿತ್ತು.

ವೀರಭದ್ರನ ಬೆನ್ನಿಗಿದ್ದುದು ಕಂಪನಿಯ ವೀಸಾ. ಈ ದೇಶದಲ್ಲಿ ಕಾಯಂ ಇರಲು ಅನುಮತಿ ಸಿಗಬೇಕಾದರೆ ಐದು ವರ್ಷ ತುಂಬಬೇಕು, ತುಂಬಲು ಇನ್ನೂ ಏಳು ತಿಂಗಳಿತ್ತು. ಐದನ್ನು ಹತ್ತು ಮಾಡುತ್ತಾರಂತೆ ಎಂಬ ಸುದ್ದಿ ಬೇರೆ ಎದ್ದಿತ್ತು. ಅಷ್ಟರೊಳಗೆ ಕೆಲಸ ಹೋದರೆ ಅರವತ್ತು ದಿನದಲ್ಲಿ ಇನ್ನೊಂದು ಕಂಪನಿ ಹುಡುಕಬೇಕು, ಇಲ್ಲ ಗಂಟುಮೂಟೆ ಕಟ್ಟಬೇಕು. ಅರವತ್ತು ಎಂಬ ಸಂಖ್ಯೆ ಎಲ್ಲಿ ಕಂಡರೂ, ಬಸ್ಸಿನ ಮೇಲೆ ಕಂಡರೂ, ಅವನು ಮುಖ ತಿರುಗಿಸಿಕೊಳ್ಳುತ್ತಿದ್ದ.

ಹಾಗೆಂದು ಅವನಿಗೆ ಮನೆಗೆ ಹೋಗುವ ಆಸೆ ಇರಲಿಲ್ಲವೆಂದಲ್ಲ. ಮಗಳು ಸಾನ್ವಿಗೆ ಆರು ವರ್ಷ. ಏಳೂವರೆಗೆ ಮಲಗುತ್ತಾಳೆ. ಇವನು ಲಂಡನ್ನಿನ ಇನ್ನೊಂದು ತುದಿಯ ಎಜ್‌ವೇರ್‌ನ ಮನೆ ಸೇರುವುದು ಒಂಬತ್ತೂವರೆಗೆ, ಬೆಳಿಗ್ಗೆ ಅವಳು ಕಣ್ಣುಬಿಡುವ ಮೊದಲೇ ಟ್ಯೂಬ್ ರೈಲು ಹಿಡಿದಿರುತ್ತಾನೆ. ವಾರದಲ್ಲಿ ಐದು ದಿನ ಅಪ್ಪ ಮಗಳು ಒಂದೇ ಸೂರಿನಡಿ ಇದ್ದೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ದಿನಾ ರಾತ್ರಿ ಅವನು ರಜಾಯಿಯಿಂದ ಹೊರಗೆ ಚಾಚಿದ ಅವಳ ಪುಟ್ಟ ಪಾದವನ್ನು ಒಂದು ಗಳಿಗೆ ನೋಡಿ ಊಟಕ್ಕೆ ಹೋಗುತ್ತಿದ್ದ. ಮೊನ್ನೆ ಅವಳು ಅಮ್ಮನನ್ನು, "ಈಸ್ ಅಪ್ಪಾ ಕಮಿಂಗ್ ದಿಸ್ ಸಾಟರ್ಡೇ?" ಎಂದು ಕೇಳಿದಳಂತೆ, ನೆಂಟರನ್ನು ವಿಚಾರಿಸುವ ಹಾಗೆ.

ಗುರುವಾರ ಬೆಳಿಗ್ಗೆ ಅವನು ಬೂಟು ಹಾಕಿಕೊಳ್ಳುತ್ತ ನಡೆದದ್ದನ್ನೆಲ್ಲ ಹೆಂಡತಿಗೆ ಹೇಳಿದ. ನವ್ಯಾ ಡಬ್ಬಿಗೆ ಚಿತ್ರಾನ್ನ ತುಂಬುತ್ತ ಕೇಳಿಸಿಕೊಂಡಳು.

"ಐದೂವರೆಗೆ ಮನೆಗೆ ಹೊರಡೋಕೆ ಸತ್ಯಾಗ್ರಹ ಮಾಡ್ಬೇಕಾ ರೀ? ಎದ್ದು ಬಂದ್ರೆ ಆಗಲ್ವಾ?"

"ಸರ್ ಕೂತಿರ್ತಾರಲ್ಲೇ."

"ಕೂತಿರ್ಲಿ. ಅವರನ್ನೇನು ನೀವು ಎತ್ಕೊಂಡು ಬರ್ಬೇಕಾ?"

ಅವಳಿಗೆ ಆಫೀಸಿನ ವಿಷಯ ತಿಳಿಯುವುದಿಲ್ಲವೆಂದುಕೊಂಡು ವೀರಭದ್ರ ಡಬ್ಬಿ ಎತ್ತಿಕೊಂಡು ಹೊರಟ. ಎಜ್‌ವೇರ್‌ನಲ್ಲೇ ಟ್ಯೂಬ್ ಹೊರಡುವುದರಿಂದ ಅವನಿಗೆ ದಿನಾ ಕೂರಲು ಜಾಗ ಸಿಗುತ್ತಿತ್ತು. ಅವತ್ತು ಕೂತವನು ಕೋಟಿನ ಕಾಲರು ಎತ್ತಿಕೊಂಡು ಅದರೊಳಗೆ ಮುದುಡಿಕೊಂಡ. ಎದುರಿಗಿದ್ದ ಮುದುಕಿಯೊಬ್ಬಳು ಚಳಿ ಇರಬೇಕೆಂದು ತಿಳಿದು ಕಿಟಕಿ ಮುಚ್ಚಿದಳು.

ಆಫೀಸಿನಲ್ಲಿ ಬ್ಯಾಗು ಇಡುವ ಮೊದಲೇ ಗೌತಮಿ ಅವನನ್ನು ಕಾಫಿ ಯಂತ್ರದ ಬಳಿಗೆ ಕರೆದೊಯ್ದಳು. ಸಂಜೆ ಐದೂವರೆಗೆ ಮೊದಲು ವೀರಭದ್ರ ಏಳಬೇಕು, ಹಿಂದೆಯೇ ಉಳಿದ ಹತ್ತು ಜನ ಏಳಬೇಕು, ಎಲ್ಲರೂ ನಗುಮುಖದಿಂದ ಗುಡ್ ಈವ್ನಿಂಗ್ ಹೇಳಿ ಲಿಫ್ಟಿನ ಕಡೆ ನಡೆಯಬೇಕು. ಇಷ್ಟು ಅವನಿಗೂ ಗೊತ್ತಿತ್ತು. ಗೊತ್ತಿಲ್ಲದ್ದು ಇನ್ನೊಂದಿತ್ತು. ಅಹಿಂಸೆಯಲ್ಲಿ ಕದ್ದು ಮುಚ್ಚಿ ಮಾಡುವುದು ಏನೂ ಇಲ್ಲವಂತೆ. ಏನು ಮಾಡುತ್ತೇವೆ, ಎಷ್ಟು ಹೊತ್ತಿಗೆ ಮಾಡುತ್ತೇವೆ ಎಂದು ಎದುರಾಳಿಗೆ ಮೊದಲೇ ತಿಳಿಸಬೇಕಂತೆ, ಅದೂ ಕೈಯಾರೆ ಪತ್ರ ಕೊಟ್ಟು.

"ಅವರಿಗೆ ಹೇಳ್ದೆ ಎದ್ದು ಹೋದ್ರೆ ಆಗಲ್ವಾ ಗೌತಮಿ?" ಎಂದು ಅವನು ಕೇಳಿದ.

"ಹೇಳ್ದೆ ಹೋದ್ರೆ ಅದು ಓಡಿಹೋಗೋದು. ಹೇಳಿ ಹೋದ್ರೆ ಸತ್ಯಾಗ್ರಹ."

ಓಡಿಹೋಗುವುದೇ ಅವನಿಗೆ ಹೆಚ್ಚು ಒಗ್ಗುತ್ತಿತ್ತು. ಪತ್ರ ಆಗಲೇ ಸಿದ್ಧವಾಗಿತ್ತು. ನಮಗೆ ನಿಮ್ಮ ಮೇಲೆ ಕೋಪವಿಲ್ಲ, ಗೌರವವಿದೆ, ಆದರೆ ಇಂದು ಐದೂವರೆಗೆ ನಾವೆಲ್ಲ ಮನೆಗೆ ಹೊರಡುತ್ತೇವೆ ಎಂಬ ಮೂರು ಸಾಲು. ಕೆಳಗೆ ಹತ್ತು ಸಹಿಗಳು ಬಳೆಯ ಹಾಗೆ ದುಂಡಗೆ ಇದ್ದವು, ಉಳಿದಿದ್ದ ಜಾಗದಲ್ಲಿ ವೀರಭದ್ರ ಹನ್ನೊಂದನೆಯದನ್ನು ಹಾಕಿದ. ಯಾರು ಮೊದಲು ಸಹಿ ಹಾಕಿದರು ಎಂಬುದು ಗೊತ್ತಾಗಬಾರದೆಂದು ಈ ಉಪಾಯ. ಸಿದ್ದಲಿಂಗಪ್ಪ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಯಾವ ಭಾಷೆಯದೆಂದೇ ತಿಳಿಯದ ಹಾಗೆ ಗೀಚಿದ್ದ. ಅದು ಅವನದೆಂದು ಅವನ ಬ್ಯಾಂಕೂ ಒಪ್ಪುತ್ತಿರಲಿಲ್ಲ.

ಈ ಸಿದ್ದಲಿಂಗಪ್ಪ ಧಾರವಾಡದ ಕಡೆಯವನು, ವಯಸ್ಸಿನಲ್ಲಿ ಹಿರಿಯ, ಗಂಟಲಂತೂ ನಗಾರಿ. ವೀರಭದ್ರನ ಮುಖ ಬಿಳಚಿಕೊಂಡದ್ದನ್ನು ನೋಡಿ ಹತ್ತಿರ ಬಂದ.

"ಯಾಕ ಅಂಜ್ತಿಯೋ ತಮ್ಮಾ? ನಾವೆಲ್ಲಾ ನಿನ್ನ ಹಿಂದ ಅದೀವಿ."

ಎಲ್ಲರೂ ತನ್ನ ಹಿಂದೆ ಇರುವುದೇ ವೀರಭದ್ರನ ಕಷ್ಟವಾಗಿತ್ತು. ಒಬ್ಬನಾದರೂ ಮುಂದೆ ಇದ್ದಿದ್ದರೆ ಅವನಿಗೆ ಇಷ್ಟು ಭಯವಾಗುತ್ತಿರಲಿಲ್ಲ.

ಹನ್ನೊಂದು ಗಂಟೆಗೆ ಅವನನ್ನು ಗಾಜಿನ ಕೋಣೆಗೆ ದೂಡಿದರು. ನಾರಾಯಣಸ್ವಾಮಿಯವರು ಕಿವಿಗೆ ಫೋನ್ ಹಚ್ಚಿಕೊಂಡು ಯಾರದೋ ಮೇಲೆ ರೇಗುತ್ತಿದ್ದರು. ಅಗಲ ಹಣೆ, ದಪ್ಪ ಕನ್ನಡಕ, ನಗುವುದನ್ನು ಯಾರೂ ನೋಡಿರದ ಮುಖ. ಆಫೀಸಿನಲ್ಲಿ ಇಂಗ್ಲಿಷ್ ಬಿಟ್ಟು ಇನ್ನೊಂದು ಮಾತಾಡಿದವರಲ್ಲ. ಅವರು ಹುಬ್ಬೆತ್ತಿ, ಏನು, ಎಂಬಂತೆ ನೋಡಿದರು. ಬೆಳಿಗ್ಗೆಯಿಂದ ಉರುಹಾಕಿದ್ದ ವಾಕ್ಯ ವೀರಭದ್ರನ ತಲೆಯಿಂದ ಹಾರಿಹೋಯಿತು. ಅದರ ಬದಲು, "ಕಾಫಿ ತರ್ಲಾ ಸರ್?" ಎಂದುಬಿಟ್ಟ. ಅವರು ತಲೆಯಾಡಿಸಿದರು. ಅವನು ಓಡಿಹೋಗಿ ಕಾಫಿ ತಂದು, ಅವಸರಕ್ಕೆ ಲೋಟ ತುಳುಕುವುದನ್ನು ನೋಡಿ, ಮೇಜು ಕೊಳೆಯಾಗದಿರಲೆಂದು ಕೈಯಲ್ಲಿದ್ದ ಕಾಗದವನ್ನು ಲೋಟದ ಕೆಳಗೆ ಹಾಸಿ ಹೊರಗೆ ಬಂದ. ಹೊರಗೆ ಬಂದ ಮೇಲೆಯೇ ಆ ಕಾಗದ ಯಾವುದೆಂದು ಅವನಿಗೆ ಹೊಳೆದದ್ದು.

ದೂರದಿಂದ ನೋಡುತ್ತಿದ್ದವರ ಕಣ್ಣಿಗೆ ಕಂಡದ್ದೇ ಬೇರೆ. ವೀರಭದ್ರ ಪತ್ರವನ್ನು ಸಾಹೇಬರ ಮುಂದೆ ಮಡಗಿ, ಬೆನ್ನು ತಿರುಗಿಸಿ ಬಂದಿದ್ದ. ಜೊತೆಗೆ ಕಾಫಿ ಬೇರೆ ಕೊಟ್ಟಿದ್ದ. ಎದುರಾಳಿಯ ಮೇಲೂ ಪ್ರೀತಿ ಇರಬೇಕು ಎಂದು ತರಗತಿಯಲ್ಲಿ ಹೇಳಿದ್ದು ಇದನ್ನೇ ಎಂದು ಗೌತಮಿ ಗದ್ಗದಿತಳಾಗಿ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆದುಕೊಂಡಳು.

ಒಂದು ಗಂಟೆಗೆ ಊಟದ ಹೊತ್ತು. ಸತ್ಯಾಗ್ರಹಿ ಮೊದಲು ತನ್ನನ್ನು ಶುದ್ಧಿ ಮಾಡಿಕೊಳ್ಳಬೇಕು, ಒಂದು ಹೊತ್ತು ಉಪವಾಸವಿದ್ದರೆ ಮನಸ್ಸು ಗಟ್ಟಿಯಾಗುತ್ತದೆ ಎಂದು ಗೌತಮಿ ಸಲಹೆ ಕೊಟ್ಟಳು. ವೀರಭದ್ರ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದ. ಸಿದ್ದಲಿಂಗಪ್ಪ ಡಬ್ಬಿಯ ಮುಚ್ಚಳ ತೆಗೆದು ಮೂಸಿ ನೋಡಿದ. "ಉಪಾಸ ನೀ ಮಾಡಪಾ. ಅನ್ನ ಕೆಡಿಸಬಾರದು, ಅದನ್ನ ನಾ ನೋಡ್ಕೋತೀನಿ," ಎಂದು ಅಲ್ಲೇ ಕೂತು ಚಿತ್ರಾನ್ನ ಮುಗಿಸಿದ. ಕಡಲೆಬೀಜ ಇನ್ನೊಂದಿಷ್ಟು ಇರಬೇಕಿತ್ತು ಎಂದೂ ಹೇಳಿದ.

ವೀರಭದ್ರನ ಕಣ್ಣು ಗಾಜಿನ ಕೋಣೆಯ ಮೇಲೇ ಇತ್ತು. ಒಂದೂವರೆಗೆ ನಾರಾಯಣಸ್ವಾಮಿಯವರು ಎದ್ದು ಹೊರಗೆ ಹೋದರು. ಪತ್ರ ಇನ್ನೂ ಲೋಟದ ಕೆಳಗೇ ಇರಬಹುದು, ಓದಿಲ್ಲದೆ ಇರಬಹುದು, ಈಗಲೇ ಎಳೆದುಕೊಂಡುಬಿಟ್ಟರೆ ಏನೂ ಆಗಿಯೇ ಇಲ್ಲ ಎಂದು ಅವನಿಗನ್ನಿಸಿತು. ಬೆಕ್ಕಿನ ಹೆಜ್ಜೆ ಇಟ್ಟು ಒಳಗೆ ಹೋಗಿ ಲೋಟ ಎತ್ತಿದ. ಕೆಳಗೆ ಬರೀ ಮೇಜಿತ್ತು. ಕಾಗದ ಮಾಯವಾಗಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ನಾರಾಯಣಸ್ವಾಮಿಯವರು ನಿಂತಿದ್ದರು.

"ಲೋಟ ತೊಳೆಯೋಣ ಅಂತ ಬಂದೆ ಸರ್," ಎಂದ ವೀರಭದ್ರ.

ಅವರು ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಅವನು ಲೋಟವನ್ನು ಎದೆಗವಚಿಕೊಂಡು ಹೋಗಿ ಮೂರು ಸಲ ತೊಳೆದ.

ಮೂರು ಗಂಟೆಗೆ ಅವನ ಕಂಪ್ಯೂಟರಿನಲ್ಲಿ ಒಂದು ಮೆಸೇಜು ಬಂತು. ನಾರಾಯಣಸ್ವಾಮಿಯವರದು. ಐದೂವರೆಗೆ ಸರಿಯಾಗಿ ನನ್ನ ಕೋಣೆಗೆ ಬನ್ನಿ, ಅಷ್ಟೇ. ಹಿಂದಿಲ್ಲ ಮುಂದಿಲ್ಲ. ವೀರಭದ್ರ ಅದನ್ನು ನಾಲ್ಕು ಸಲ ಓದಿದ. ಹನ್ನೊಂದು ಸಹಿಗಳಲ್ಲಿ ತಾನೊಬ್ಬನೇ ಯಾಕೆ? ಉತ್ತರ ಅವನಿಗೇ ಗೊತ್ತಿತ್ತು. ಪತ್ರ ಇಟ್ಟವನು ಅವನು, ಅದನ್ನು ಕದಿಯಲು ಹೋಗಿ ಸಿಕ್ಕಿಬಿದ್ದವನೂ ಅವನು.

ಸುದ್ದಿ ಮೇಜಿನಿಂದ ಮೇಜಿಗೆ ಹರಡಿತು. ಜನ ಒಬ್ಬೊಬ್ಬರಾಗಿ ಬಂದು, ಸಾವಿನ ಮನೆಗೆ ಬಂದವರ ಹಾಗೆ ದನಿ ತಗ್ಗಿಸಿ ಮಾತಾಡಿಸಿಕೊಂಡು ಹೋದರು. ಒಬ್ಬ, ಬೆಂಗಳೂರಿಗೆ ಸಾಮಾನು ಕಳಿಸುವ ಕಂಪನಿಯೊಂದರ ನಂಬರು ಕೊಟ್ಟ. ಕಿಟಕಿ ಪಕ್ಕದ ಈ ಕುರ್ಚಿಗೆ ಮುಂದೆ ಯಾರು ಬರುತ್ತಾರೋ ಎಂದು ಸಿದ್ದಲಿಂಗಪ್ಪ ಕೇಳಿದ, ಬರೀ ತಿಳಿದುಕೊಳ್ಳಲು. ಗೌತಮಿ ಮಾತ್ರ ಗೆಲುವಾಗಿದ್ದಳು. ಎದುರಾಳಿ ದಬ್ಬಾಳಿಕೆಗೆ ಇಳಿದನೆಂದರೆ ಚಳವಳಿ ಗೆಲ್ಲುತ್ತಿದೆ ಎಂದು ಅರ್ಥವಂತೆ. ನೋವನ್ನು ನಾವೇ ಮೈಮೇಲೆ ಹಾಕಿಕೊಂಡಾಗ ಎದುರಾಳಿಯ ಮನಸ್ಸು ಕರಗುತ್ತದಂತೆ. ಅವಳು 'ನಾವೇ' ಎಂದಾಗಲೆಲ್ಲ ಅವನಿಗೆ ತನ್ನ ಮೈಯೊಂದೇ ನೆನಪಾಗುತ್ತಿತ್ತು.

ಅವನು ಮೆಟ್ಟಿಲ ಹತ್ತಿರ ಹೋಗಿ ಮನೆಗೆ ಫೋನ್ ಮಾಡಿ, ಮೇಲಿನ ಕಪಾಟಿನಲ್ಲಿರುವ ದೊಡ್ಡ ಸೂಟ್‌ಕೇಸಿನ ಚಕ್ರ ಸರಿಯಿದೆಯೇ ನೋಡು ಎಂದ. ನವ್ಯಾಗೂ ಈಗ ಗಾಬರಿಯಾಯಿತು. ಸಾನ್ವಿಯ ಶಾಲೆಗೆ ಯಾವಾಗ ಹೇಳಬೇಕು, ಮನೆಯ ಬಾಡಿಗೆ ಕರಾರು ಎಲ್ಲಿಯವರೆಗಿದೆ ಎಂದು ಇಬ್ಬರೂ ಪಿಸುಗುಟ್ಟಿದರು. ಕೊನೆಗೆ ಅವಳು, "ಆದದ್ದಾಗ್ಲಿ. ಇವತ್ತೊಂದಿನ ಬೇಗ ಬನ್ನಿ. ಮಗು ಜೊತೆ ಊಟ ಮಾಡಿ," ಎಂದಳು. ವೀರಭದ್ರ ಫೋನ್ ಜೇಬಿಗಿಟ್ಟು, ಕಣ್ಣೊರೆಸಿಕೊಂಡು ಒಳಗೆ ಬಂದ.

ಐದು ಗಂಟೆ ಇಪ್ಪತ್ತೊಂಬತ್ತು ನಿಮಿಷಕ್ಕೆ ಆಫೀಸಿನಲ್ಲಿ ಕೀಬೋರ್ಡಿನ ಸದ್ದೂ ಇರಲಿಲ್ಲ. ಐದೂವರೆ ಆಯಿತು. ಹೇಗಿದ್ದರೂ ಕೋಣೆಗೆ ಹೋಗಲೇಬೇಕಾದ ವೀರಭದ್ರ ಎದ್ದ. ಕೋಣೆಯ ಬಾಗಿಲಲ್ಲಿ ಒಮ್ಮೆ ಹಿಂದಿರುಗಿ ನೋಡಿದ. ಹತ್ತು ತಲೆಗಳು ಕಂಪ್ಯೂಟರ್ ಪರದೆಗಳ ಹಿಂದೆ ಬಾಗಿದ್ದವು. ಗೌತಮಿ ಅರ್ಧ ಎದ್ದವಳು, ಅಕ್ಕಪಕ್ಕ ನೋಡಿ, ಕುರ್ಚಿಯ ಎತ್ತರ ಸರಿಮಾಡಿಕೊಂಡು ಕೂತುಬಿಟ್ಟಳು. ಸಿದ್ದಲಿಂಗಪ್ಪನ ತಲೆಯೇ ಕಾಣಲಿಲ್ಲ. ಮೇಜಿನ ಕೆಳಗೆ ಬೂಟಿನ ಲೇಸು ಕಟ್ಟುತ್ತಿದ್ದ. ಅವನ ಬೂಟಿಗೆ ಲೇಸು ಇರಲಿಲ್ಲ.

ನಾರಾಯಣಸ್ವಾಮಿಯವರು, "ಬಾಗಿಲು ಹಾಕಿ. ಕೂತ್ಕೊಳ್ಳಿ," ಎಂದರು. ಕನ್ನಡದಲ್ಲಿ ಹೇಳಿದರು. ಇದು ಇನ್ನೂ ಭಯಂಕರವೆನಿಸಿತು. ಕಾಯಿಲೆ ವಾಸಿಯಾಗುವುದಿಲ್ಲ ಎಂದು ಹೇಳುವಾಗ ಡಾಕ್ಟರರೂ ಹೀಗೇ ಮಾತೃಭಾಷೆಗೆ ಇಳಿಯುತ್ತಾರೆ. ಮೇಜಿನ ಮೇಲೆ ಪತ್ರವಿತ್ತು. ನಡುವೆ ಕಾಫಿ ಲೋಟದ ದುಂಡನೆಯ ಕಲೆ, ಅದರ ಸುತ್ತ ಹನ್ನೊಂದು ಸಹಿ.

"ಇದನ್ನ ಇಲ್ಲಿಟ್ಟಿದ್ದು ನೀವೇ ತಾನೆ?"

ವೀರಭದ್ರ ಅಲ್ಲ ಎನ್ನಲು ಹೊರಟ. ಬಾಯಿಂದ ಬಂದದ್ದು, "ಹೌದು ಸರ್, ತಪ್ಪಾಯ್ತು."

"ಇದು ತಪ್ಪಲ್ಲ. ಮೂರು ವರ್ಷದಿಂದ ಮಾಡ್ತಾ ಇದೀರಲ್ಲ, ಅದು ತಪ್ಪು."

ಅರವತ್ತು ದಿನದಲ್ಲಿ ಮೊದಲನೆಯ ದಿನ ಇಂದೋ ನಾಳೆಯೋ ಎಂದು ವೀರಭದ್ರ ಲೆಕ್ಕ ಹಾಕತೊಡಗಿದ. ನಾರಾಯಣಸ್ವಾಮಿಯವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

"ನಾನು ಇಲ್ಲಿಗೆ ಬಂದ ಮೊದಲನೇ ದಿನ ಐದೂವರೆಗೆ ಎದ್ದು ಕೋಟು ತಗೊಂಡೆ ರೀ. ಹೊರಗೆ ನೋಡಿದ್ರೆ ಹನ್ನೊಂದು ಜನಾನೂ ತಲೆ ಬಗ್ಗಿಸ್ಕೊಂಡು ಕೆಲಸ ಮಾಡ್ತಿದೀರಿ. ಹುಡುಗ್ರು ದುಡೀತಿರುವಾಗ ಮ್ಯಾನೇಜರ್ ಮನೆಗೆ ಹೋದ ಅಂತ ಬೆಂಗಳೂರಿಗೆ ಒಂದು ಮಾತು ಹೋದ್ರೆ ನನ್ನ ಗತಿ ಏನು? ಕೋಟು ವಾಪಸ್ ನೇತುಹಾಕ್ದೆ. ನೀವು ಎದ್ಮೇಲೆ ಏಳೋಣ ಅಂತ ಅವತ್ತಿಂದ ಕಾಯ್ತಾ ಇದೀನಿ. ನೀವು ಏಳೋದೇ ಇಲ್ಲ."

ಆಮೇಲೆ ಅವರು ಮೂರು ವರ್ಷದ ಸಂಕಟವನ್ನೆಲ್ಲ ತೋಡಿಕೊಂಡರು. ಆರು ಗಂಟೆಯ ಮೇಲೆ ಅವರಿಗಿಲ್ಲಿ ಒಂದು ಕಡ್ಡಿ ಕೆಲಸವಿಲ್ಲ. ಎಂಟರವರೆಗೆ ಫೋನಿನಲ್ಲಿ ಇಸ್ಪೀಟು ಆಡುತ್ತಾರೆ. ಎಂಟಕ್ಕೆ ಹಸಿವು ತಡೆಯದೆ, ನಾಚಿಕೆ ಬಿಟ್ಟು, ಯಾರ ಮುಖವನ್ನೂ ನೋಡದೆ ಹೊರಟುಬಿಡುತ್ತಾರೆ. ಈ ಹನ್ನೊಂದು ಜನರನ್ನು ಕಂಡರೆ ಅವರಿಗೆ ಭಯ. ಇಷ್ಟು ದುಡಿಯುವವರು ಮೇಲಿನವರಿಗೆ ತನ್ನ ಮೇಲೆ ಏನು ಬರೆಯುತ್ತಾರೋ ಎಂದು ನಿದ್ದೆಯಿಲ್ಲ. ಇವತ್ತು ಪತ್ರ ಓದಿದಾಗ ಎದೆಯ ಮೇಲಿನ ಕಲ್ಲು ಇಳಿದಂತಾಯಿತಂತೆ. ಮೊದಲು ಏಳುವ ಒಬ್ಬ ಗಂಡಸು ಕೊನೆಗೂ ಸಿಕ್ಕಿದನಲ್ಲ ಎಂದು ವೀರಭದ್ರನ ಕೈ ಹಿಡಿದು ಕುಲುಕಿದರು. ಅವರ ಕೈಯೂ ಬೆವೆತಿತ್ತು.

ಹೊರಗೆ ಬಂದು ಅವರೇ ಎಲ್ಲರಿಗೂ ಅಪ್ಪಣೆ ಮಾಡಿದರು. ಇವತ್ತಿನಿಂದಲೇ ಐದೂವರೆಯ ಮೇಲೆ ಒಬ್ಬರೂ ಇಲ್ಲಿರಕೂಡದು. ಹತ್ತು ಜನ ಎರಡು ನಿಮಿಷದಲ್ಲಿ ಖಾಲಿಯಾದರು. ಹೋಗುವ ಮೊದಲು ಗೌತಮಿ ವೀರಭದ್ರನಿಗೆ ಕೈಮುಗಿದಳು. ಸಿದ್ದಲಿಂಗಪ್ಪ, "ಹುಲಿ ಅದೀಯೋ ತಮ್ಮಾ, ಹುಲಿ. ನಾ ಆವಾಗ್ಲೇ ಹೇಳಿದ್ನಿ," ಎಂದು ಲಿಫ್ಟಿನೊಳಗೆ ನುಗ್ಗಿದ. ವೀರಭದ್ರನಿಗೆ ನಂಬಿಕೆಯೇ ಬರಲಿಲ್ಲ. ಭಯ ಇದ್ದ ಜಾಗದಲ್ಲಿ ಏನೋ ಹಗುರವಾಗಿ ತೇಲಾಡುತ್ತಿತ್ತು. ಈಗ ಹೊರಟರೆ ಏಳಕ್ಕೆಲ್ಲ ಮನೆ. ಏಳೂವರೆಯವರೆಗೆ ಅರ್ಧ ಗಂಟೆ, ಮಗಳ ಜೊತೆ ಅರ್ಧ ಗಂಟೆ. ಬ್ಯಾಗು ಹೆಗಲಿಗೇರಿಸಿದ.

"ನೀವು ಎಜ್‌ವೇರ್ ಅಲ್ವಾ? ಫೈಲಲ್ಲಿ ನೋಡ್ದೆ," ಎಂದರು ನಾರಾಯಣಸ್ವಾಮಿಯವರು ಕೋಟಿನ ಗುಂಡಿ ಹಾಕಿಕೊಳ್ಳುತ್ತ. "ನಂದೂ ಅಲ್ಲೇ. ನಡೀರಿ, ಒಟ್ಟಿಗೆ ಹೋಗೋಣ."

ಅವರ ಮನೆ ಎಜ್‌ವೇರ್‌ನಲ್ಲೇ ಎಂಬುದು ವೀರಭದ್ರನಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಅವನು ದಿನಾ ಅವರು ಹೋದ ಮೇಲೂ ಇಪ್ಪತ್ತು ನಿಮಿಷ ಕಾದು, ಅವರ ಟ್ಯೂಬ್ ಹೊರಟಿದೆ ಎಂದು ಖಾತ್ರಿ ಮಾಡಿಕೊಂಡೇ ಸ್ಟೇಷನ್ನಿಗೆ ಇಳಿಯುತ್ತಿದ್ದುದು. ಇವತ್ತು ಕಾಯಲು ದಾರಿ ಇರಲಿಲ್ಲ. ಲಂಡನ್ ಬ್ರಿಡ್ಜ್ ಸ್ಟೇಷನ್ನಿನವರೆಗೆ ಅವರ ಟೈ ಅವನ ಮೂಗಿಗೆ ತಾಗುವಷ್ಟು ನೂಕುನುಗ್ಗಲು. ಅಲ್ಲಿ ರೈಲು ಬದಲಿಸಿದ ಮೇಲೆ ಎಜ್‌ವೇರ್‌ವರೆಗೆ ಪಕ್ಕಪಕ್ಕದ ಸೀಟು. ಮೂರು ವರ್ಷ ಬಾಯಿ ಕಟ್ಟಿಕೊಂಡಿದ್ದ ಮನುಷ್ಯ ಒಂದು ಗಂಟೆ ಬಿಡದೆ ಮಾತಾಡಿದರು, ಮುಂದಿನ ತಿಂಗಳ ಪ್ರಾಜೆಕ್ಟಿನಿಂದ ಹಿಡಿದು ತಮ್ಮ ಮೊಣಕಾಲು ನೋವಿನವರೆಗೆ. ಹೆಂಡತಿ ಕಾಮಾಕ್ಷಿ ಮಗಳ ಬಾಣಂತನಕ್ಕೆಂದು ಬೆಂಗಳೂರಿಗೆ ಹೋಗಿದ್ದಾರಂತೆ. ಮನೆಗೆ ಹೋದರೆ ನಾಲ್ಕು ಗೋಡೆ ನೋಡುತ್ತ ಬ್ರೆಡ್ ತಿನ್ನಬೇಕಂತೆ. ವೀರಭದ್ರ ಹೌದು ಸರ್, ಛೆ ಸರ್ ಎನ್ನುತ್ತ ಗಡಿಯಾರ ನೋಡುತ್ತಿದ್ದ.

ಏಳಕ್ಕೆ ಐದು ನಿಮಿಷವಿರುವಾಗ ಅವನ ಮನೆಯ ಗೇಟು ಬಂತು. ನಮ್ಮ ಕಡೆ ಮನೆಯ ಮುಂದೆ ನಿಂತು ಇನ್ನೊಬ್ಬರನ್ನು ಹಾಗೇ ಕಳಿಸುವ ಪದ್ಧತಿಯಿಲ್ಲ. ಬನ್ನಿ ಎನ್ನಬೇಕು, ಅವರು ಇನ್ನೊಂದು ಸಲ ಬರ್ತೀನಿ ಎನ್ನಬೇಕು, ಇಬ್ಬರೂ ಸಮಾಧಾನದಿಂದ ತಮ್ಮ ತಮ್ಮ ದಾರಿ ಹಿಡಿಯಬೇಕು. ವೀರಭದ್ರ ತನ್ನ ಪಾಲಿನ ಮಾತು ಹೇಳಿದ.

"ಬನ್ನಿ ಸರ್, ಒಂದು ಲೋಟ ಕಾಫಿ ಕುಡ್ಕೊಂಡು ಹೋಗೋರಂತೆ."

"ಆಗ್ಲಿ," ಎಂದು ನಾರಾಯಣಸ್ವಾಮಿಯವರು ಗೇಟು ತೆರೆದರು.

ಬಾಗಿಲ ಸದ್ದಿಗೆ ಸಾನ್ವಿ ಒಳಗಿನಿಂದ ಓಡಿಬಂದಳು. "ಅಪ್ಪಾ, ಇಟ್ಸ್ ನಾಟ್ ಸಾಟರ್ಡೇ," ಎಂದು ಅವನ ಕಾಲನ್ನು ತಬ್ಬಿಕೊಂಡಳು. ವೀರಭದ್ರ ಅವಳ ತಲೆಯ ಮೇಲೆ ಕೈಯಿಟ್ಟ. ಎತ್ತಿಕೊಳ್ಳಬೇಕೆನಿಸಿತು, ಆದರೆ ಸರ್ ಎದುರಿಗೆ ನಿಂತಿದ್ದರು. ಅವರು ಸೋಫಾದಲ್ಲಿ ಕೂತರು. ಅವರ ಎದುರಿನ ಕುರ್ಚಿಯ ತುದಿಯಲ್ಲಿ ಇವನು ಕೂತ. ನವ್ಯಾ ಕಾಫಿ ತಂದಳು. ಸಾನ್ವಿ ಆನೆಮರಿಯ ಕತೆಯ ಪುಸ್ತಕ ಹಿಡಿದು ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ನಾರಾಯಣಸ್ವಾಮಿಯವರು ತಾವು ಮೊದಲು ಕೆಲಸಕ್ಕೆ ಸೇರಿದಾಗಿನ ಕತೆ ಶುರುಮಾಡಿದ್ದರು. ಏಳೂಕಾಲಾಯಿತು. ನವ್ಯಾ ಅಡುಗೆಮನೆಯಿಂದ ಗಂಡನನ್ನು ಕರೆದಳು.

"ಮಗು ಕಾಯ್ತಿದೆ. ಐದು ನಿಮಿಷ ಎದ್ದು ಬಂದು ಎರಡು ಪುಟ ಓದಿ."

"ಸರ್ ಕೂತಿದ್ದಾರೆ. ನಾನು ಹೇಗೆ ಏಳ್ಲಿ?"

"ಇದು ನಿಮ್ಮನೆ ರೀ."

ಹೌದಲ್ಲ ಎಂದು ಅವನಿಗೂ ಅನ್ನಿಸಿತು. ಮತ್ತೆ ಹೋಗಿ ಕುರ್ಚಿಯ ತುದಿಯಲ್ಲೇ ಕೂತ. ಮೌನ ಬಿದ್ದಾಗಲೆಲ್ಲ ಸಾಹೇಬರಿಗೆ ಬೇಸರವಾದೀತೆಂದು ಹೆದರಿ, ಆಮೇಲೇನಾಯ್ತು ಸರ್ ಎಂದು ತಾನೇ ಕೇಳುತ್ತಿದ್ದ. ಊಟದ ಹೊತ್ತಿಗೆ ಮನೆಯಲ್ಲಿದ್ದವರಿಗೆ ಊಟ ಮಾಡಿಕೊಂಡು ಹೋಗಿ ಎನ್ನದಿರುವುದು ಹೇಗೆಂದು ನವ್ಯಾ ಅದನ್ನೂ ಹೇಳಿದಳು. ಅವರು ಅದಕ್ಕೂ ಆಗಲಿ ಎಂದರು. ಏಳೂವರೆಗೆ ಬಾಗಿಲ ಬಳಿ ಸಾನ್ವಿ ಇರಲಿಲ್ಲ.

ಎಂಟೂಕಾಲಿಗೆ ನಾರಾಯಣಸ್ವಾಮಿಯವರು ಕೋಟು ಹಾಕಿಕೊಂಡರು. ಬಾಗಿಲಲ್ಲಿ ಅವನ ಭುಜದ ಮೇಲೆ ಕೈಯಿಟ್ಟು, "ಏಳೂಕಾಲಿಗೇ ಹೊರಡ್ಬೇಕು ಅಂತಿದ್ದೆ ರೀ. ನೀವು ಅಷ್ಟು ಆಸೆಯಿಂದ ಕೇಳ್ತಾ ಕೂತಿದ್ರಿ. ನಾನಾಗಿ ಎದ್ರೆ ಬೇಜಾರ್ ಮಾಡ್ಕೋತೀರೇನೋ ಅಂತ ಭಯ ಆಯ್ತು," ಎಂದರು. ನಾಳೆಯೂ ಐದೂವರೆಗೆ ಒಟ್ಟಿಗೇ ಹೊರಡೋಣ, ಒಬ್ಬರಿಗೊಬ್ಬರು ಜೊತೆಯಾಗುತ್ತದೆ ಎಂದೂ ಹೇಳಿದರು. ವೀರಭದ್ರ ಬಾಯಿ ತೆರೆದ. ಏಳು ತಿಂಗಳು ನೆನಪಾಯಿತು.

"ಖಂಡಿತ ಸರ್," ಎಂದ.

ಒಳಗೆ ಹೋಗಿ ನೋಡಿದ. ಪುಸ್ತಕ ದಿಂಬಿನ ಪಕ್ಕದಲ್ಲಿತ್ತು, ರಜಾಯಿಯಿಂದ ಪಾದ ಹೊರಗೆ ಚಾಚಿತ್ತು. ದೀಪ ಆರಿಸಿ ಹೊರಗೆ ಬಂದ. ನವ್ಯಾ ಸೋಫಾದ ಮುಂದಿನ ಲೋಟ ತಟ್ಟೆ ಎತ್ತುತ್ತಿದ್ದಳು.

"ಅವರ ಹೆಂಡತಿ ಬಾಣಂತನ ಮುಗಿಸ್ಕೊಂಡು ಯಾವಾಗ ಬರ್ತಾರಂತೆ?" ಎಂದಳು.

"ಹೆರಿಗೆ ಇನ್ನೂ ಆಗಿಲ್ವಂತೆ," ಎಂದ ವೀರಭದ್ರ.